ಸೈಟಿನ ಜನರೇಟರ್: ಒಂದು ಲೀಟರ್ ಡೀಸೆಲ್‌ಗೆ ಎಷ್ಟು ಯೂನಿಟ್?

ಮಂಡ್ಯದ ಹೊರವಲಯದ ಹೊಸ ಬಡಾವಣೆಯಲ್ಲಿ ಮೂರು ಅಂತಸ್ತಿನ ಕಟ್ಟಡವೊಂದು ಏಳುತ್ತಿದೆ. ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ಜಿಲ್ಲೆ ನಮ್ಮದು. ಆದರೂ ಕಂಬದ ಲೈನ್ ಬರುವ ತನಕ ಸೈಟಿಗೆ ಜನರೇಟರೇ ಗತಿ. ಅಲ್ಲಿ ಅದನ್ನು ನೋಡಿಕೊಳ್ಳುವ ಅಣ್ಣ ನನಗೆ ಹೇಳಿದ ಮಾತು: "ನೆನ್ನೆ ಗಂಟೆಗೆ ಐದೇ ಲೀಟರ್ ಕಣಪ್ಪ. ಇವತ್ತು ಮೋಲ್ಡು, ಒಂಬತ್ತು ಕುಡ್ಬುಡ್ತು."

ಮೋಲ್ಡು ಎಂದರೆ ಛಾವಣಿಗೆ ಕಾಂಕ್ರೀಟ್ ಹಾಕುವ ಕೆಲಸ. ಹಾಗಾದರೆ ನೆನ್ನೆಯದೇ ಉಳಿತಾಯ ಎಂದು ನಾನೂ ಒಪ್ಪಿಕೊಂಡೆ. ಸಂಜೆ ಮೀಟರಿನ ಯೂನಿಟ್ಟನ್ನು (ಕಿಲೋವ್ಯಾಟ್-ಅವರ್) ಡೀಸೆಲ್‌ನಿಂದ ಭಾಗಿಸಿ ನೋಡಿದಾಗ ಚಿತ್ರವೇ ತಿರುಗಿತು. ಪರೀಕ್ಷೆಗೆ ಓದುವ ನಿಮಗೂ ಇದು ಉಪಯೋಗಕ್ಕೆ ಬರುತ್ತದೆ ಎಂದು ಆ ಲೆಕ್ಕವನ್ನು ಸುಲಭ ಅಂಕಿಗಳಲ್ಲಿ ಇಡುತ್ತೇನೆ.

ಜನರೇಟರ್ 62.5 ಕೆವಿಎ, ಅಂದರೆ ವೋಲ್ಟ್ ಮತ್ತು ಆಂಪ್ಸ್ ಗುಣಿಸಿ ಬರುವ ಸಾಮರ್ಥ್ಯ. ಪವರ್ ಫ್ಯಾಕ್ಟರ್ (ಅದರಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.8 ಎಂದು ಹಿಡಿದರೆ 50 ಕಿಲೋವ್ಯಾಟ್. ಎರಡು ದಿನವೂ 4 ಗಂಟೆ ಓಟ.

ಮೊದಲ ದಿನ ಕಂಬಿ ಕತ್ತರಿಸುವ ಯಂತ್ರ, ನೀರಿನ ಮೋಟಾರ್, ಆಗಾಗ ವೆಲ್ಡಿಂಗ್: 20 ಲೀಟರ್, 52 ಯೂನಿಟ್. ಸರಾಸರಿ ಲೋಡ್ 13 ಕಿಲೋವ್ಯಾಟ್. ಲೀಟರಿಗೆ 2.6 ಯೂನಿಟ್.
ಎರಡನೇ ದಿನ ಮಿಕ್ಸರ್, ಲಿಫ್ಟ್, ವೈಬ್ರೇಟರ್ ಎಲ್ಲ ಒಟ್ಟಿಗೆ: 36 ಲೀಟರ್, 128 ಯೂನಿಟ್. ಸರಾಸರಿ ಲೋಡ್ 32 ಕಿಲೋವ್ಯಾಟ್. ಲೀಟರಿಗೆ 3.56 ಯೂನಿಟ್.

ಒಂದು ಲೀಟರ್ ಡೀಸೆಲ್ ಸುಮಾರು 0.83 ಕಿಲೋ ತೂಗುತ್ತದೆ. ಕಿಲೋಗೆ ಸುಮಾರು 43 ಮೆಗಾಜೌಲ್ ಶಾಖ. ಒಂದು ಯೂನಿಟ್ ಎಂದರೆ 3.6 ಮೆಗಾಜೌಲ್; ಅದರಿಂದ ಭಾಗಿಸಿದರೆ ಲೀಟರಿಗೆ ಹತ್ತಿರ ಹತ್ತಿರ 10 ಯೂನಿಟ್. ಹಾಗಾಗಿ ದಕ್ಷತೆ ಬಾಯಿಲೆಕ್ಕದಲ್ಲೇ ಸಿಗುತ್ತದೆ: ಮೊದಲ ದಿನ ಶೇ. 26, ಮೋಲ್ಡಿನ ದಿನ ಶೇ. 36. ಪುಸ್ತಕದ ರೀತಿಯಲ್ಲಿ ಯೂನಿಟ್ಟಿಗೆ ಎಷ್ಟು ಗ್ರಾಂ ಎಂದು ಕೇಳಿದರೆ 319 ಮತ್ತು 233. "ಉಳಿತಾಯ"ದ ದಿನವೇ ಪ್ರತಿ ಯೂನಿಟ್ ದುಬಾರಿಯಾಗಿತ್ತು.

ಯಾಕೆ ಹೀಗೆ? ಇದೇ ಈ ಪಾಠದ ತಿರುಳು, ಇಲ್ಲಿ ಸ್ವಲ್ಪ ನಿಲ್ಲಿ. 50 ಹರ್ಟ್ಸ್ ಬೇಕೆಂದರೆ ಜನರೇಟರಿನಲ್ಲಿ ವಿದ್ಯುತ್ ಹುಟ್ಟಿಸುವ ಭಾಗವಾದ ನಾಲ್ಕು ಧ್ರುವದ ಆಲ್ಟರ್ನೇಟರ್ ನಿಮಿಷಕ್ಕೆ 1500 ಸುತ್ತು ತಿರುಗಲೇಬೇಕು. ಲೋಡ್ ಇರಲಿ ಇಲ್ಲದಿರಲಿ, ವೇಗ ಅದೇ. ಪಿಸ್ಟನ್ನಿನ ಘರ್ಷಣೆ, ರೇಡಿಯೇಟರ್ ಫ್ಯಾನ್, ಆಯಿಲ್ ಪಂಪ್ ಇವೆಲ್ಲ ತಮ್ಮ ಪಾಲಿನ ಡೀಸೆಲ್ಲನ್ನು ತಪ್ಪದೆ ತೆಗೆದುಕೊಳ್ಳುತ್ತವೆ. ಅದೆಷ್ಟು ಎಂದು ಕಾಗದದ ಮೇಲೇ ಹಿಡಿಯಬಹುದು. ಅಡ್ಡಗೆರೆಯಲ್ಲಿ ಕಿಲೋವ್ಯಾಟ್, ಉದ್ದಗೆರೆಯಲ್ಲಿ ಗಂಟೆಯ ಲೀಟರ್ ಹಾಕಿ ನಮ್ಮ ಎರಡು ಬಿಂದುಗಳನ್ನು ಸೇರಿಸಿ. 19 ಕಿಲೋವ್ಯಾಟ್ ಏರಿದ್ದಕ್ಕೆ 4 ಲೀಟರ್ ಏರಿದೆ, ಅಂದರೆ ಕಿಲೋವ್ಯಾಟಿಗೆ 0.21 ಲೀಟರ್. ಗೆರೆಯನ್ನು ಸೊನ್ನೆ ಲೋಡಿನ ತನಕ ಹಿಂದಕ್ಕೆ ಎಳೆದರೆ ಅದು 2.26 ಲೀಟರಿನಲ್ಲಿ ಬಂದು ನಿಲ್ಲುತ್ತದೆ. ಪಠ್ಯದಲ್ಲಿ ವಿಲ್ಲನ್ಸ್ ರೇಖೆ ಎಂದು ಓದುತ್ತೀರಲ್ಲ, ಅದು ಇದೇ. ಎರಡೇ ಬಿಂದು ಸಾಲದು, ನಾಲ್ಕೈದು ಬೇರೆ ಬೇರೆ ಲೋಡಿನಲ್ಲಿ ತೆಗೆದರೆ ಗೆರೆಯ ಮೇಲೆ ನಂಬಿಕೆ ಬರುತ್ತದೆ.

ಆ 2.26 ಲೀಟರನ್ನು ಊಟದ ಹೊತ್ತಿಗೆ ಹೊಂದಿಸಿ ನೋಡಿ. ಒಂದರಿಂದ ಎರಡರವರೆಗೆ ಎಲ್ಲರೂ ಮುದ್ದೆ ಉಣ್ಣಲು ಕೂತಿರುವಾಗ ಜನರೇಟರ್ ಸುಮ್ಮನೆ ಓಡಿದರೆ 26 ದಿನದ ತಿಂಗಳಿಗೆ 59 ಲೀಟರಿನಷ್ಟು ಯಾವ ಕೆಲಸಕ್ಕೂ ಆಗದೆ ಉರಿದಿರುತ್ತದೆ. ಆ ಹೊತ್ತಿಗೆ ಆರಿಸುವುದೇ ಲೇಸು. ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತುವ ಚಕ್ರ) ಇದ್ದರೆ ಲೋಡ್ ಇಳಿಸಿ ಮೂರ್ನಾಲ್ಕು ನಿಮಿಷ ಬಿಟ್ಟು ಆರಿಸಬೇಕು, ಅಷ್ಟೇ. ಇನ್ನೊಂದು ಕಾರಣವೂ ಇದೆ: ಸಾಮರ್ಥ್ಯದ ಶೇ. 30ಕ್ಕಿಂತ ಕಡಿಮೆ ಲೋಡಿನಲ್ಲಿ ದಿನಗಟ್ಟಲೆ ಓಡಿದರೆ ಎಂಜಿನ್ ಸಾಕಷ್ಟು ಬಿಸಿಯಾಗದೆ, ಪೂರ್ತಿ ಉರಿಯದ ಡೀಸೆಲ್ ಮತ್ತು ಮಸಿ ಸೈಲೆನ್ಸರಿನಲ್ಲಿ ಕಪ್ಪು ಜಿಡ್ಡಾಗಿ ಕೂರುತ್ತದೆ.

ಇನ್ನು ಅಳೆಯುವ ಕೈಕೆಲಸ. ಟ್ಯಾಂಕನ್ನು ಒಂದು ಗುರುತಿನ ತನಕ ತುಂಬಿ, ಮೀಟರ್ ಬರೆದುಕೊಂಡು ಓಡಿಸಿ, ನಿಲ್ಲಿಸಿ, ಮತ್ತೆ ಅದೇ ಗುರುತಿಗೆ ಅಳತೆಯ ಕ್ಯಾನಿನಿಂದ ತುಂಬುವುದು. ಕೇಳಲು ಸುಲಭ, ತಪ್ಪುವುದೂ ಸುಲಭ. ಸುರಿದಾಗ ಏಳುವ ನೊರೆ ಇಳಿಯುವ ತನಕ ಕಾಯಬೇಕು. ನೆಲ ಓರೆಯಿದ್ದರೆ ಮಟ್ಟ ಸುಳ್ಳು ಹೇಳುತ್ತದೆ. ಎರಡು ಅಳತೆಯ ನಡುವೆ ಜನರೇಟರನ್ನು ಸರಿಸಲೇಬಾರದು. ಗುರುತು ಹಿಡಿಯುವಲ್ಲಿ ಅರ್ಧ ಲೀಟರ್ ಹೆಚ್ಚುಕಡಿಮೆಯಾದರೆ 20 ಲೀಟರಿನಲ್ಲಿ ಅದು ಶೇ. 2.5, ಒಂದೇ ಗಂಟೆ ಓಡಿಸಿ 5 ಲೀಟರ್ ಅಳೆದರೆ ಶೇ. 10. ಅದಕ್ಕೇ ನಾಲ್ಕು ಗಂಟೆಗೆ ಕಡಿಮೆ ಅಳೆಯಬೇಡಿ ಎನ್ನುತ್ತೇನೆ. ಡೀಸೆಲ್ ಬಿಸಿಗೆ ಹಿಗ್ಗುತ್ತದೆ: 15 ಡಿಗ್ರಿ ಏರಿದರೆ ಶೇ. 1.2ರಷ್ಟು.

ಫ್ಲೋ ಮೀಟರ್ ಕಟ್ಟುವವರು ಎಡವುವ ಜಾಗ ಒಂದೇ. ಪಂಪಿಗೆ ಹೋದ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಒಂದು ಭಾಗ ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್ ಬರುತ್ತದೆ. ಹೋಗುವ ಪೈಪಿಗೊಂದು, ಬರುವ ಪೈಪಿಗೊಂದು ಮೀಟರ್ ಹಾಕಿ ಕಳೆಯಬೇಕು.

ಯೂನಿಟ್ ಮೀಟರ್ ಇಲ್ಲದ ಕಡೆ ತಂತಿಯನ್ನು ಸುತ್ತಿ ಹಿಡಿಯುವ ಕ್ಲ್ಯಾಂಪ್ ಮೀಟರಿನಿಂದ ಆಂಪ್ಸ್ ಓದಿ ಗುಣಿಸುತ್ತಾರೆ. ಮೂರು ಫೇಸಿನಲ್ಲಿ 415 ವೋಲ್ಟ್, 20 ಆಂಪ್ಸ್ ಎಂದರೆ 1.732 × 415 × 20 = 14.4 ಕೆವಿಎ. ಇದು ಕಿಲೋವ್ಯಾಟ್ ಅಲ್ಲ! ಪವರ್ ಫ್ಯಾಕ್ಟರ್ 0.8 ಇದ್ದರೆ 11.5, ಹಳೆಯ ವೆಲ್ಡಿಂಗ್ ಸೆಟ್ಟಿನಂತೆ 0.5ಕ್ಕೆ ಇಳಿದರೆ 7.2 ಮಾತ್ರ. ಇದನ್ನು ಮರೆತವರ ಉತ್ತರದಲ್ಲಿ ಜನರೇಟರ್ ಇರುವುದಕ್ಕಿಂತ ಒಳ್ಳೆಯದಾಗಿ ಕಾಣುತ್ತದೆ.

ಹಾಗಾದರೆ 13 ಕಿಲೋವ್ಯಾಟ್ ಕೆಲಸಕ್ಕೆ 50ರ ಯಂತ್ರ ಯಾಕೆ ತಂದರು? ಮೋಟಾರ್ ನೇರವಾಗಿ ಶುರುವಾಗುವಾಗ ಪೂರ್ಣ ಲೋಡಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಆ ಕೆಲವು ಕ್ಷಣಗಳಿಗಾಗಿ ದೊಡ್ಡ ಸೆಟ್ ಬರುತ್ತದೆ, ಉಳಿದ ದಿನವೆಲ್ಲ ಅರೆಹೊಟ್ಟೆಯಲ್ಲಿ ಓಡುತ್ತದೆ. ಮೊದಲು ಕಡಿಮೆ ವೋಲ್ಟೇಜ್ ಕೊಟ್ಟು ಮೋಟಾರನ್ನು ಎಬ್ಬಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರ್ ಹಾಕಿದರೆ ಆ ಎಳೆತ ಮೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಮೋಟಾರುಗಳನ್ನು ಒಂದಾದ ಮೇಲೊಂದು ಶುರು ಮಾಡಿದರೂ ಚಿಕ್ಕ ಸೆಟ್ ಸಾಕಾಗಬಹುದು.

ಒಂದು ಎಚ್ಚರಿಕೆ. ಲೀಟರಿಗೆ ಯೂನಿಟ್ ಏರಿಸಬೇಕೆಂದು ಬೇಡದ ದೀಪ ಉರಿಸಿದರೂ ಅಂಕಿ ಚೆನ್ನಾಗೇ ಬರುತ್ತದೆ, ಆದರೆ ಪ್ರತಿ ಕಿಲೋವ್ಯಾಟಿಗೆ ಗಂಟೆಗೆ 0.21 ಲೀಟರ್ ಹೆಚ್ಚೇ ಸುಡುತ್ತದೆ. ಆದ್ದರಿಂದ ಆ ಅಣ್ಣನ ಪುಸ್ತಕದಲ್ಲಿ ಲೀಟರ್, ಗಂಟೆಗಳ ಪಕ್ಕ ಎರಡು ಕಾಲಂ ಗೆರೆ ಎಳೆದು ಕೊಟ್ಟೆ: ಒಂದು ಯೂನಿಟ್ಟಿಗೆ, ಇನ್ನೊಂದು ಆ ದಿನ ಹಾಕಿದ ಕಾಂಕ್ರೀಟಿನ ಘನಮೀಟರಿಗೆ.