ವೆಕ್ಸಾಸ್: ಹೆಸರಿನಲ್ಲೇ ಅಡಗಿರುವ ರೋಗನಿರ್ಣಯ

‘ವೆಕ್ಸಾಸ್’ ಎಂಬ ಪದ ವೈದ್ಯಕೀಯದಲ್ಲಿ ಬಳಕೆಗೆ ಬಂದದ್ದು 2020ರಲ್ಲಿ. ವ್ಯಾಕ್ಯೂಲ್, ಇ1 ಕಿಣ್ವ, ಎಕ್ಸ್ ವರ್ಣತಂತು, ಆಟೋಇನ್‌ಫ್ಲಮೇಟರಿ, ಸೊಮ್ಯಾಟಿಕ್ ಎಂಬ ಐದು ಪದಗಳ ಮೊದಲ ಇಂಗ್ಲಿಷ್ ಅಕ್ಷರಗಳನ್ನು (VEXAS) ಜೋಡಿಸಿ ಈ ಹೆಸರನ್ನು ಕಟ್ಟಲಾಗಿದೆ. ಬಹುಪಾಲು ಐವತ್ತು ದಾಟಿದ ಗಂಡಸರಲ್ಲಿ ಕಾಣಿಸುವ ಈ ಅಪರೂಪದ ಕಾಯಿಲೆಯಲ್ಲಿ ಮರುಕಳಿಸುವ ಜ್ವರ, ಕಿವಿ ಮತ್ತು ಮೂಗಿನ ಮೃದ್ವಸ್ಥಿಯ ಊತ, ಚರ್ಮದ ಮೇಲೆ ನೋಯುವ ಕೆಂಪು ಗಂಟುಗಳು, ಶ್ವಾಸಕೋಶದ ಉರಿಯೂತ, ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟುವುದು ಮುಂತಾದ ಲಕ್ಷಣಗಳಿದ್ದು, ಜೊತೆಗೆ ಕೆಂಪು ರಕ್ತಕಣಗಳ ಗಾತ್ರ ಹಿಗ್ಗಿದ ರಕ್ತಹೀನತೆಯೂ ಇರುತ್ತದೆ.

ನಾಲ್ಕನೆಯ ಪದವಾದ ಆಟೋಇನ್‌ಫ್ಲಮೇಟರಿಯನ್ನು ಆಟೋಇಮ್ಯೂನ್ ಕಾಯಿಲೆಯೊಂದಿಗೆ ಬೆರೆಸುವುದುಂಟು. ಆಟೋಇಮ್ಯೂನ್ ಕಾಯಿಲೆಯಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಮತ್ತು ಪ್ರತಿಕಾಯಗಳು ದೇಹದ ಅಂಗಾಂಶವನ್ನೇ ಗುರಿಯಾಗಿಸುತ್ತವೆ. ಆಟೋಇನ್‌ಫ್ಲಮೇಟರಿ, ಅಂದರೆ ಸ್ವಯಂ ಉರಿಯೂತದ ಕಾಯಿಲೆಯಲ್ಲಿ, ಹುಟ್ಟಿನಿಂದಲೇ ಬಂದ ರಕ್ಷಣಾ ವ್ಯವಸ್ಥೆಯ ನ್ಯೂಟ್ರೋಫಿಲ್, ಮಾನೋಸೈಟ್‌ಗಳಂಥ ಕಣಗಳು ಯಾವ ಸೋಂಕೂ ಇಲ್ಲದೆ ಕೆರಳುತ್ತವೆ. ಕನ್ನಡದ ‘ಉರಿಯೂತ’ದಲ್ಲಿ ಉರಿ, ಊತ ಎರಡೂ ಸೇರಿರುವುದು ಇಲ್ಲಿ ಅಕ್ಷರಶಃ ಸರಿಹೊಂದುತ್ತದೆ.

ಆದರೆ ಹೆಚ್ಚು ತೂಕವಿರುವುದು ಕೊನೆಯ ಪದಕ್ಕೆ. ಸ್ವಯಂ ಉರಿಯೂತದ ಬಹಳಷ್ಟು ಕಾಯಿಲೆಗಳು ತಂದೆತಾಯಿಯಿಂದ ಬಂದ ಜೀನ್ ದೋಷದಿಂದ ಬಾಲ್ಯದಲ್ಲೇ ಶುರುವಾಗುತ್ತವೆ. ‘ಸೊಮ್ಯಾಟಿಕ್’ ಎಂದರೆ ತಂದೆತಾಯಿಯಿಂದ ಬಾರದೆ, ಆಮೇಲೆ ದೇಹದ ಯಾವುದೋ ಕೋಶದಲ್ಲಿ ಉಂಟಾದ ಬದಲಾವಣೆ. ಎಕ್ಸ್ ವರ್ಣತಂತುವಿನಲ್ಲಿರುವ ಯುಬಿಎ1 ಎಂಬ ಜೀನ್, ಕೆಟ್ಟ ಪ್ರೋಟೀನುಗಳಿಗೆ ವಿಲೇವಾರಿಯ ಗುರುತು ಹಚ್ಚುವ ಕೆಲಸವನ್ನು ಆರಂಭಿಸುವ ಇ1 ಕಿಣ್ವವನ್ನು ರೂಪಿಸುತ್ತದೆ; ಅಸ್ಥಿಮಜ್ಜೆಯ ಒಂದು ಮೂಲಕೋಶದಲ್ಲಿ ಈ ಜೀನ್ ಕೆಟ್ಟರೆ, ಅದರಿಂದ ಹುಟ್ಟುವ ರಕ್ತಕಣಗಳೆಲ್ಲ ಆ ದೋಷವನ್ನು ಹೊತ್ತೇ ಬರುತ್ತವೆ. ಗಂಡಸರಲ್ಲಿ ಎಕ್ಸ್ ಒಂದೇ ಇರುವುದರಿಂದ ದೋಷವನ್ನು ಸರಿದೂಗಿಸುವ ಇನ್ನೊಂದು ಪ್ರತಿ ಇರುವುದಿಲ್ಲ. ಕಾಯಿಲೆ ಇಳಿವಯಸ್ಸಿನಲ್ಲಿ ಕಾಣಿಸುವುದಕ್ಕೂ, ಕುಟುಂಬದ ಇತಿಹಾಸವನ್ನು ಕೆದಕಿದರೆ ಏನೂ ಸಿಗದಿರುವುದಕ್ಕೂ ಕಾರಣ, ಜೀನ್ ಹೀಗೆ ಬದುಕಿನ ನಡುವೆ ಕೆಡುವುದು.

ಹೆಸರು ಬರುವ ಮೊದಲು ಇಂಥ ರೋಗಿಗೆ ಚರ್ಮತಜ್ಞರು ಸ್ವೀಟ್ ಸಿಂಡ್ರೋಮ್ (ಜ್ವರದೊಂದಿಗೆ ನೋಯುವ ಕೆಂಪು ಗಂಟುಗಳು) ಎಂದೂ, ಸಂಧಿವಾತ ತಜ್ಞರು ಪಾಲಿಕಾಂಡ್ರೈಟಿಸ್ (ಮೃದ್ವಸ್ಥಿಯ ಉರಿಯೂತ) ಎಂದೂ, ರಕ್ತತಜ್ಞರು ಮೈಲೋಡಿಸ್‌ಪ್ಲಾಸಿಯಾ (ಅಸ್ಥಿಮಜ್ಜೆ ಸರಿಯಾದ ರಕ್ತಕಣ ತಯಾರಿಸದ ಸ್ಥಿತಿ) ಎಂದೂ ಹೇಳುವ ಸಂಭವವಿತ್ತು. ಅವು ತಪ್ಪು ಎನ್ನಲಾಗದು. ಒಬ್ಬೊಬ್ಬರಿಗೆ ಕಂಡದ್ದು ಒಂದೊಂದು ಭಾಗ. ಅಮೆರಿಕದ ಸಂಶೋಧಕರು ಲಕ್ಷಣಗಳನ್ನು ಬದಿಗಿಟ್ಟು, ಕಾರಣ ತಿಳಿಯದ ಉರಿಯೂತವಿದ್ದ ರೋಗಿಗಳ ಜೀನ್ ಮಾಹಿತಿಯಿಂದಲೇ ಹುಡುಕಾಟ ಆರಂಭಿಸಿದ್ದರಿಂದ ಈ ಭಾಗಗಳ ನಡುವಿನ ನಂಟು ಹೊರಬಿತ್ತು. ಅವರ ಮೊದಲ ವರದಿಯಲ್ಲಿದ್ದದ್ದು 25 ಗಂಡಸರು. ಅಸ್ಥಿಮಜ್ಜೆಯ ಎಳೆಯ ಕೋಶಗಳಲ್ಲಿ ಗುಳ್ಳೆಯಂಥ ಪೊಳ್ಳುಗಳು, ಅಂದರೆ ವ್ಯಾಕ್ಯೂಲ್‌ಗಳು, ಕಂಡರೆ ಸಂಶಯ ಬಲಗೊಳ್ಳುತ್ತದೆ. ತಾಮ್ರದ ಕೊರತೆ ಮತ್ತು ಅತಿಯಾದ ಮದ್ಯಪಾನದಲ್ಲೂ ಅವು ಕಾಣಿಸುವುದರಿಂದ ರೋಗವನ್ನು ಖಚಿತಪಡಿಸುವುದು ಯುಬಿಎ1 ಜೀನ್ ಪರೀಕ್ಷೆ.

ಚಿಕಿತ್ಸೆಯೂ ಇದೇ ತಿಳಿವಳಿಕೆಯ ಮೇಲೆ ನಿಂತಿದೆ. ಸ್ಟೆರಾಯ್ಡ್ ಹೆಚ್ಚಿನವರಲ್ಲಿ ಬೇಗ ಕೆಲಸ ಮಾಡುತ್ತದೆ, ಆದರೆ ಪ್ರಮಾಣ ಇಳಿಸಿದೊಡನೆ ಕಾಯಿಲೆ ಮರಳುತ್ತದೆ. ಟೋಸಿಲಿಜುಮ್ಯಾಬ್, ರಕ್ಸೋಲಿಟಿನಿಬ್ ಎಂಬ ಔಷಧಿಗಳು ಉರಿಯೂತದ ಸಂಕೇತಗಳನ್ನು ತಡೆಯುತ್ತವೆ; ಅಜಾಸಿಟಿಡಿನ್ ಎಂಬ ಔಷಧಿ ದೋಷವಿರುವ ಕೋಶಗಳನ್ನೇ ಕುಗ್ಗಿಸಬಲ್ಲದು. ಆ ಕೋಶಸಂತತಿಯನ್ನು ಬೇರುಸಹಿತ ತೆಗೆಯಬಲ್ಲದ್ದು ಇನ್ನೊಬ್ಬರ ಮೂಲಕೋಶಗಳ ಕಸಿ ಮಾತ್ರ. ಅದರ ಅಪಾಯ ದೊಡ್ಡದಾದ್ದರಿಂದ ವಯಸ್ಸು, ದೇಹಸ್ಥಿತಿ, ಸೋಂಕಿನ ಸಾಧ್ಯತೆಗಳನ್ನು ಅಳೆದು ಆಯ್ದ ಕೆಲವರಿಗಷ್ಟೇ ಸೂಚಿಸಲಾಗುತ್ತದೆ.