ಪಂಚಮಿ ಜೋಕಾಲಿ ಮತ್ತು 2004ರ ಸ್ಪೈಡರ್‌ಮ್ಯಾನ್

ಅಟ್ಟದ ಮೇಲಿದ್ದ ಪ್ಲೇಸ್ಟೇಷನ್ 2 ಅನ್ನೋ ಹಳೇ ಗೇಮ್ ಮಶೀನ್ ಇಳಿಸಿ, ಧೂಳು ಹೊಡೆದು, ಈಗಿನ ಟಿವಿಗೆ ಆ ಹಳದಿ-ಬಿಳಿ-ಕೆಂಪು ವೈರ್ ಸಿಕ್ಕಿಸೋ ಜಾಗವೇ ಇಲ್ಲ ಅಂತ ಗೊತ್ತಾಗಿ, ಕನ್ವರ್ಟರ್ ತಂದು ಕೊನೆಗೂ ‘ಸ್ಪೈಡರ್‌ಮ್ಯಾನ್ 2’ ಹಾಕಿದೆ. ಅಕ್ಕನ ಮಗ ಹತ್ತು ಸೆಕೆಂಡ್ ನೋಡಿ, “ಮಾಮಾ, ಇದಿನ್ನೂ ಪೂರ್ತಿ ಲೋಡ್ ಆಗಿಲ್ವಾ?” ಅಂದ. ಆಗಿತ್ತು ಮಾರಾಯ, 2004ರಲ್ಲಿ ಅದು ಕಾಣ್ತಿದ್ದಿದ್ದೇ ಹಾಗೆ.

ಚಿತ್ರ ಮಸುಕು ಅಂದ್ರೆ ಗೇಮೇ ಹಳಸಲು ಅನ್ನೋರನ್ನ ಕಂಡ್ರೆ ನಂಗೆ ಮೈ ಉರಿಯುತ್ತೆ. ಆ ಮಶೀನಿಗೆ ಇದ್ದ ಮುಖ್ಯ ಮೆಮೊರಿ ಬರೀ 32 ಎಂಬಿ, ಈಗ ಫೋನಲ್ಲಿ ನಾಲ್ಕು ಫೋಟೋ ತೆಗೆದ್ರೆ ಅಷ್ಟು ಖರ್ಚು. ಅಷ್ಟರಲ್ಲೇ ಟ್ರೇಆರ್ಕ್ ಕಂಪನಿಯೋರು ನ್ಯೂಯಾರ್ಕಿನ ಮ್ಯಾನ್‌ಹ್ಯಾಟನ್ ಕಟ್ಟಿ, ಅದರೊಳಗೆ ಒಂದು ಲೋಲಕ, ಅಂದ್ರೆ ನೂಲಿಗೆ ಜೋತು ತೂಗೋ ಸ್ಪೈಡರ್‌ಮ್ಯಾನ್‌ನ ನೇತುಹಾಕಿದ್ರು. ಅದಕ್ಕೆ ಮುಂಚಿನ 2000 ಮತ್ತು 2002ರ ಸ್ಪೈಡರ್‌ಮ್ಯಾನ್ ಗೇಮ್‌ಗಳಲ್ಲಿ ನೂಲು ಎಲ್ಲಿಗೆ ಅಂಟ್ತಿತ್ತು ಗೊತ್ತಾ? ಆಕಾಶಕ್ಕೆ! ಜೇಮಿ ಫ್ರಿಸ್ಟ್ರಮ್ ಅನ್ನೋ ಡಿಸೈನರ್‌ಗೆ ಅದು ಸರಿ ಬರಲಿಲ್ಲ, ನೂಲು ನಿಜವಾದ ಗೋಡೆಗೇ ಅಂಟ್ಬೇಕು ಅಂತ ಹಟ ಹಿಡಿದ್ರು. ಹಾಗಾಗಿ ಸೆಂಟ್ರಲ್ ಪಾರ್ಕ್ ನಡುವೆ ಗಗನಚುಂಬಿ ಕಟ್ಟಡ ಇಲ್ಲದ ಕಡೆ ಬಂದ್ರೆ ನಮ್ಮ ಹೀರೋ ಹುಲ್ಲಿನ ಮೇಲೆ ಓಡ್ಬೇಕು. (ಪಿಎಸ್‌ಪಿ, ಗೇಮ್‌ಬಾಯ್ ಅಡ್ವಾನ್ಸ್ ಅನ್ನೋ ಕೈಯಲ್ಲಿ ಹಿಡಿದು ಆಡೋ ಮಶೀನ್‌ಗಳಿಗೆ ಇದೇ ಹೆಸರಲ್ಲಿ ಬಂದಿದ್ದು ಬೇರೆಯೇ ಆಟಗಳು.)

ಇಂಥ ಲೋಲಕಾನ ಕಂಪ್ಯೂಟರ್ ಒಳಗೆ ಮಾಡೋದು ಸಾಮಾನ್ಯವಾಗಿ ಹೀಗೆ. ಗೂಟಕ್ಕೆ ಕಟ್ಟಿದ ಕರು ನೆನೆಸ್ಕೊಳಿ. ಹಗ್ಗ ಸಡಿಲ ಇರೋತನಕ ಅದು ಎಲ್ಲಿಗೆ ಬೇಕಾದ್ರೂ ಹೋಗುತ್ತೆ, ಬಿಗಿಯಾದ ತಕ್ಷಣ ವೃತ್ತದ ಮೇಲಷ್ಟೇ ಸುತ್ತುತ್ತೆ. ಪ್ರೋಗ್ರಾಮ್ ಸೆಕೆಂಡಿಗೆ ಹತ್ತಾರು ಸಲ ಗುರುತ್ವದ ವೇಗ ಒಂಚೂರು ಸೇರಿಸಿ ಆಳನ್ನ ಮುಂದೆ ತಳ್ಳುತ್ತೆ, ಹಗ್ಗದ ಉದ್ದ ಮೀರಿದ್ರೆ ವಾಪಸ್ ವೃತ್ತದ ಮೇಲೆ ತಂದು ಕೂರಿಸಿ, ಹೊರಗಡೆಗಿದ್ದ ವೇಗ ಅಳಿಸಿಬಿಡುತ್ತೆ. ಅಷ್ಟೇ ಕಣ್ರೀ.

ನಮ್ಮ ಅಳಿಯ ಮೊದಲು ಬಿದ್ದಿದ್ದೇ ಇಲ್ಲಿ. ಕಂಬದ ಎತ್ತರದಿಂದ ತೂಗಿ ಹತ್ತನೇ ಮಹಡಿಗೆ ಹೋಗ್ತೀನಿ ಅಂತ ಅವನ ಲೆಕ್ಕ. ಗೆಲಿಲಿಯೋ ಇದಕ್ಕೆ ಒಂದು ಮೊಳೆಯಲ್ಲಿ ಉತ್ತರ ಕೊಟ್ಟಿದ್ದ, 1638ರ ಪುಸ್ತಕದಲ್ಲಿ. ಲೋಲಕದ ದಾರಿಯಲ್ಲಿ ಮೊಳೆ ಹೊಡೆದು ದಾರಕ್ಕೆ ಅಡ್ಡ ಮಾಡಿದ್ರೂ ಗುಂಡು ಬಿಟ್ಟ ಎತ್ತರಕ್ಕೇ ಏರುತ್ತೆ, ಅದಕ್ಕಿಂತ ಮೇಲಲ್ಲ. ಪೀಸಾ ಚರ್ಚಿನ ದೀಪ ತೂಗೋದು ನೋಡಿ ಅವನಿಗೆ ಜ್ಞಾನೋದಯ ಆಯ್ತು ಅನ್ನೋ ಕಥೆ ಎಲ್ರಿಗೂ ಬಾಯಿಪಾಠ, ಆದ್ರೆ ಈಗ ತೋರಿಸೋ ದೀಪ ಆ ಕಥೆ ನಡೀತು ಅನ್ನೋ ವರ್ಷಕ್ಕಿಂತ ಆಮೇಲೆ ನೇತುಹಾಕಿದ್ದು. ದೀಪ ಬಿಡಿ, ಮೊಳೆ ಹಿಡ್ಕೊಳಿ.

ಎರಡನೇ ತಪ್ಪು ಕಲ್ಪನೆ, ನೂಲು ಬಿಟ್ರೆ ಆಳು ವೃತ್ತದಿಂದ ನೇರ ಹೊರಗಡೆಗೆ ಚಿಮ್ತಾನೆ ಅನ್ನೋದು. ಜೋಳದ ಹೊಲದಲ್ಲಿ ಹಕ್ಕಿ ಓಡಿಸೋಕೆ ಕವಣೆ ಬೀಸಿದೋರಿಗೆ ಗೊತ್ತು, ಕಲ್ಲು ಹೋಗೋದು ಬಿಟ್ಟ ಗಳಿಗೆಯಲ್ಲಿ ಎತ್ತ ಓಡ್ತಿತ್ತೋ ಅತ್ತಲೇ. ತಳದಲ್ಲಿ ವೇಗ ಅತಿ ಜಾಸ್ತಿ ನಿಜ, ಆದ್ರೆ ಅಲ್ಲಿ ಬಿಟ್ರೆ ರಸ್ತೆಗೆ ಸಮಾನಾಂತರವಾಗಿ ಹಾರಿ ಟ್ಯಾಕ್ಸಿಗೆ ಮುತ್ತಿಡ್ತೀರಿ. ತಳ ದಾಟಿ ಮೇಲೇರುವಾಗ ಬಿಡ್ಬೇಕು.

ಈಗ ನನ್ನ ಪ್ರೀತಿಯ ವಿಷಯ. 20 ಮೀಟರ್ ನೂಲು ಅಡ್ಡಕ್ಕೆ ಬಿಗಿಯಾಗಿರುವಾಗ ಜಿಗಿದ್ರೆ ತಳಕ್ಕೆ ಬರೋ ಹೊತ್ತಿಗೆ ವೇಗ ಗಂಟೆಗೆ ಸುಮಾರು 70 ಕಿ.ಮೀ. ಆಗ ಕೈ ಮೇಲೆ ಬೀಳೋ ಎಳೆತ ಮೈ ತೂಕದ ಮೂರು ಪಟ್ಟು, ಅಂದ್ರೆ 70 ಕೆ.ಜಿ. ಆಳಿಗೆ 210 ಕೆ.ಜಿ., ನಾಲ್ಕು ಸಿಮೆಂಟ್ ಮೂಟೆಗಿಂತ ಹೆಚ್ಚು. ಒಂದು ಪಟ್ಟು ಅವನ ಸ್ವಂತ ತೂಕ, ಉಳಿದೆರಡು ಓಟದ ದಿಕ್ಕು ತಿರುಗಿಸೋಕೆ. ನೂಲು 5 ಮೀಟರ್ ಇರ್ಲಿ, 50 ಇರ್ಲಿ, ಅದೇ ಮೂರು! ಉದ್ದ ಜಾಸ್ತಿ ಆದ್ರೆ ವೇಗ ಹೆಚ್ಚುತ್ತೆ, ಆದ್ರೆ ತಿರುವು ಅಷ್ಟೇ ಅಗಲ ಆಗುತ್ತೆ, ಎರಡೂ ಲೆಕ್ಕದಲ್ಲಿ ಹೊಡೆದು ಹೋಗುತ್ತೆ. ಮೊದಲ ಸಲ ಇದನ್ನ ಕಾಗದದ ಮೇಲೆ ಮಾಡಿದಾಗ ಎಲ್ಲೋ ತಪ್ಪಿದೀನಿ ಅಂತ ಮತ್ತೆ ಮಾಡಿದ್ದೆ.

ಧಾರವಾಡದ ಕಡೆ ನಾಗರಪಂಚಮಿಗೆ ಜೋಕಾಲಿ ಜೀಕೋರು ಎತ್ತರ ಗಳಿಸೋದೂ ಇದೇ ಗುಟ್ಟಲ್ಲಿ. ತಳದಲ್ಲಿ ಹಗ್ಗ ಅತಿ ಬಿಗಿ, ಅಲ್ಲಿ ಎದ್ದು ನಿಲ್ಲೋಕೆ ಕಾಲು ದುಡೀಬೇಕು. ಮೇಲೆ ಮೈ ಹಗುರ, ಅಲ್ಲಿ ಕುಕ್ಕರಿಸಿದ್ರೆ ಕಳ್ಕೊಳ್ಳೋದು ಕಮ್ಮಿ. ಆ ವ್ಯತ್ಯಾಸವೇ ಲಾಭ. ಅಜ್ಜಿ “ತಳಕ್ಕ ಬಂದಾಗ ಎದ್ದು ಜೀಕಲೇ” ಅಂತ ಕೂಗ್ತಿದ್ದಳು, ಸಮೀಕರಣ ಗೀಮೀಕರಣ ಏನೂ ಇಲ್ಲದೆ.

ಆ ಮೂರು ಪಟ್ಟಿನ ಮಾತನ್ನ ಅಳಿಯ ನಂಬಲಿಲ್ಲ. ಅಡುಗೆಮನೆಯಿಂದ ಅರ್ಧ ಕೆ.ಜಿ. ಬೆಲ್ಲದ ಉಂಡೆ, ಅಟ್ಟದಿಂದ ಹಳೇ ಸ್ಪ್ರಿಂಗ್ ತಕ್ಕಡಿ ತಂದ್ವಿ, ದಾರ ಕಟ್ಟಿ ತಕ್ಕಡಿನ ಬಾಗಿಲ ಚೌಕಟ್ಟಿಗೆ ನೇತುಹಾಕಿ ಬೆಲ್ಲಾನ ಅಡ್ಡಕ್ಕೆ ಎತ್ತಿ ಬಿಟ್ವಿ. ಮುಳ್ಳು ಒಂದು ಕೆ.ಜಿ. ಗೆರೆ ದಾಟಿ ಒಂದೂವರೆ ಕಡೆ ಓಡಿ ವಾಪಸ್ ಬಂತು. ಅವನು ಇನ್ನೊಂದ್ಸಲ ಅಂದ. ಐದನೇ ಸಲಕ್ಕೆ ದಾರ ಹರಿದು ಬೆಲ್ಲ ಫ್ರಿಜ್ ಕೆಳಗೆ ಹೋಯ್ತು, ತಳ ದಾಟೋಕೆ ಮುಂಚೆ ಹರೀತಾ ದಾಟಿದ ಮೇಲಾ ಅಂತ ನಾವಿಬ್ರೂ ಜಗಳ ಆಡ್ತಿರುವಾಗ ಅಕ್ಕ ಪಾಯಸಕ್ಕೆ ಬೆಲ್ಲ ಹುಡುಕ್ಕೊಂಡು ಬಂದಳು.