ರೌಟರಲ್ಲಿ ಎಸ್‌ಎನ್‌ಎಂಪಿ ಆನ್ ಮಾಡಿದ್ಮೇಲೂ ಗ್ರಾಫ್ ಯಾಕೆ ಸುಳ್ಳು ಹೇಳತ್ತೆ

ನಮ್ ಜಯನಗರದ ಆಫೀಸಲ್ಲಿ ಅಪ್‌ಲೋಡು ಡೌನ್‌ಲೋಡು ಎರಡೂ 200 ಎಂಬಿಪಿಎಸ್ ಬರೋ ಫೈಬರ್ ಲೈನಿದೆ, ಆದ್ರೂ ಬೆಳಗ್ಗೆ ಹನ್ನೊಂದಾದ್ರೆ ಸಾಕು ವಿಡಿಯೋ ಕಾಲ್ ನಿಂತು ನಿಂತು ಬರೋದು. ಏನಾಗ್ತಿದೆ ನೋಡೋಣ ಅಂತ ರೌಟರಲ್ಲಿ ಎಸ್‌ಎನ್‌ಎಂಪಿ (ರೌಟರಿನ ಲೆಕ್ಕಗಳನ್ನ ಇನ್ನೊಂದು ಪಿಸಿಯಿಂದ ಕೇಳಿ ತಿಳ್ಕೊಳ್ಳೋ ವ್ಯವಸ್ಥೆ) ಆನ್ ಮಾಡ್ದೆ, ಪಿಸಿಯ ಗ್ರಾಫಲ್ಲಿ ಬರೀ 85 ಎಂಬಿಪಿಎಸ್ ಬಂತು. ಲೈನ್ ಅರ್ಧ ಖಾಲಿ ಇದೆ ಅಂತ ನಂಬ್ಬಿಟ್ಟೆ, ಅದೇ ತಪ್ಪಾಗಿದ್ದು.

ಆನ್ ಮಾಡೋದೇನ್ ಕಷ್ಟ ಇಲ್ಲ, ಎಲ್ಲಾ ರೌಟರಲ್ಲೂ ಇರಲ್ಲ, ಇದ್ರೆ ಸಾಮಾನ್ಯವಾಗಿ ಸಿಸ್ಟಮ್ ಇಲ್ಲಾ ಮ್ಯಾನೇಜ್‌ಮೆಂಟ್ ಮೆನುವಲ್ಲಿ ಸಿಗತ್ತೆ. ಕಮ್ಯುನಿಟಿ ಸ್ಟ್ರಿಂಗ್ 'ಪಬ್ಲಿಕ್' ಅಂತಿದ್ರೆ ಮೊದ್ಲು ಬದಲಾಯ್ಸಿ, ಅದು ಪಾಸ್‌ವರ್ಡ್ ಇದ್ದಂಗೆ. ಎಸ್‌ಎನ್‌ಎಂಪಿ ಬಳಸೋ ಯುಡಿಪಿ 161ನೇ ಪೋರ್ಟು ಒಳಗಿನ ನೆಟ್‌ವರ್ಕಿಗೆ ಮಾತ್ರ, ಅದ್ರಲ್ಲೂ ಮಾನಿಟರ್ ಮಾಡೋ ಒಂದೇ ಪಿಸಿಗೆ ತೆರೀಲಿ, ಇಂಟರ್‌ನೆಟ್ ಕಡೆಗೆ ಮಾತ್ರ ಬಿಡ್ಲೇಬೇಡಿ.

ಈಗ ಮುಖ್ಯ ವಿಷ್ಯ. ರೌಟರ್ ಸ್ಪೀಡ್ ಹೇಳಲ್ಲ, ಮನೆ ಕರೆಂಟ್ ಮೀಟರ್ ಥರ ಒಟ್ಟು ಎಷ್ಟು ಬೈಟ್ ಹೋಯ್ತು ಅಂತ ಎಣಿಸ್ತಾ ಇರತ್ತೆ ಅಷ್ಟೇ, ಹಿಂದಿನ ರೀಡಿಂಗ್ ಕಳೆದು, 8ರಿಂದ ಗುಣಿಸಿ, ಸೆಕೆಂಡಿಂದ ಭಾಗಿಸಿದ್ರೆ ಸ್ಪೀಡು. 300 ಸೆಕೆಂಡಲ್ಲಿ 375 ಕೋಟಿ ಬೈಟ್ ಹೋದ್ರೆ 100 ಎಂಬಿಪಿಎಸ್. ಆದ್ರೆ ಹಳೇ ಕೌಂಟರ್ 32 ಬಿಟ್‌ದು, ಸುಮಾರು 429 ಕೋಟಿ ಮುಟ್ಟಿದ್ರೆ ತಿರುಗಿ ಸೊನ್ನೆಯಿಂದ ಶುರು. ನನ್ ಗ್ರಾಫ್ ಐದು ನಿಮಿಷಕ್ಕೊಂದ್ಸಲ ರೀಡಿಂಗ್ ತಗೊಳ್ತಿತ್ತು, 200 ಎಂಬಿಪಿಎಸ್ ತುಂಬಿ ಓಡಿದ್ರೆ ಅಷ್ಟರಲ್ಲಿ 750 ಕೋಟಿ ಬೈಟ್, ಅದ್ರಲ್ಲಿ 429 ಕೋಟಿ ಕಾಣೆ ಆಗಿ ಉಳಿಯೋದು 320 ಚಿಲ್ರೆ ಕೋಟಿ. ಲೆಕ್ಕ ಹಾಕಿ ನೋಡಿ, ಸರಿಯಾಗಿ 85 ಎಂಬಿಪಿಎಸ್! ಅಂದ್ರೆ ನನ್ ಲೈನ್ ಪೂರ್ತಿ ತುಂಬಿತ್ತು.

ಅದಕ್ಕೇ 64 ಬಿಟ್ ಕೌಂಟರ್ ಬಳಸ್ಬೇಕು, ಗ್ರಾಫ್ ಸಾಫ್ಟ್‌ವೇರಲ್ಲಿ ಅದರ ವಿಳಾಸ (ಓಐಡಿ) ಕೊಡ್ಬೇಕು: ಒಳಬರೋದಕ್ಕೆ 1.3.6.1.2.1.31.1.1.1.6, ಹೊರಹೋಗೋದಕ್ಕೆ ಕೊನೇಲಿ 6ರ ಬದ್ಲು 10, ಅದಾದ್ಮೇಲೆ ಚುಕ್ಕಿ ಇಟ್ಟು ಇಂಟರ್‌ಫೇಸ್ ನಂಬರ್, ಅಂದ್ರೆ ರೌಟರಿನ ಯಾವ ಪೋರ್ಟು ಅನ್ನೋದು. ಇದು ಎಸ್‌ಎನ್‌ಎಂಪಿ ವರ್ಷನ್ 1ರಲ್ಲಿ ಬರಲ್ಲ, 2ಸಿ ಇಲ್ಲಾ 3 ಬೇಕು. 2ಸಿನಲ್ಲಿ ಕಮ್ಯುನಿಟಿ ಸ್ಟ್ರಿಂಗ್ ಯಾರು ಬೇಕಾದ್ರೂ ಓದೋ ಹಾಗೆ ಹೋಗತ್ತೆ, ಹಂಗಾಗಿ 3 ಇದ್ರೆ ಎನ್‌ಕ್ರಿಪ್ಷನ್ ಹಾಕಿ ಅದನ್ನೇ ಇಟ್ಕೊಳ್ಳಿ.

ಇನ್ನೊಂದು, ವ್ಯಾನ್ ಪೋರ್ಟಲ್ಲಿ (ಇಂಟರ್‌ನೆಟ್ ಕಡೆದು) 'ಇನ್' ಅಂದ್ರೆ ಡೌನ್‌ಲೋಡ್, ಲ್ಯಾನ್ ಪೋರ್ಟಲ್ಲಿ (ಆಫೀಸ್ ಒಳಗಿಂದು) ಅದೇ ಉಲ್ಟಾ. ಕೌಂಟರ್ ಬದಲಾಯ್ಸಿದ ದಿನ ವ್ಯಾನ್ 'ಔಟ್' ಗೆರೆ ಹನ್ನೊಂದಕ್ಕೆ 200ರ ಹತ್ರ ಹೋಗಿ ನಿಂತ್ಕೊಂತು, ಆ ಹೊತ್ತಿಗೆ ಏನು ಶುರುವಾಗತ್ತೆ ಅಂತ ಹುಡುಕಿದ್ರೆ ಅಕೌಂಟ್ಸ್ ಪಿಸಿದು ಕ್ಲೌಡ್ ಬ್ಯಾಕಪ್, ಅದನ್ನ ರಾತ್ರಿಗೆ ಹಾಕಿದ್ವಿ.